ವಾರಾಂತ್ಯಕ್ಕೆ ಐದು

ಮುಂದಿನ ಸೀಟಿನವನ ಹೆಬ್ಬೆರಳು ನಿಲ್ಲುತ್ತಲೇ ಇಲ್ಲ, ಮೊಬೈಲಿನಲ್ಲಿ ಪೋಸ್ಟರುಗಳು ಮೇಲಕ್ಕೆ ಓಡುತ್ತಿವೆ, ಒಂದು ಬಂದೂಕು, ಒಂದು ಮದುವೆ, ಮತ್ತೆ ಬಂದೂಕು, ಬೆನ್ನು ತಿರುಗಿಸಿ ನಿಂತ ಹೆಂಗಸು, ಯಾವುದನ್ನೂ ಒತ್ತುವುದಿಲ್ಲ ಅವನು, ಬಸ್ಸು ನಿಲ್ದಾಣ ಬಿಟ್ಟಾಗಿನಿಂದ ಹೀಗೇ, ಹತ್ತು ನಿಮಿಷ ಆಗಿರಬೇಕು — ಹತ್ತಲ್ಲ, ಹನ್ನೆರಡು, 10.40ಕ್ಕೆ ಬಿಟ್ಟಿತು, ಈಗ 10.52. ಎಡದಿಂದ ಮೂರನೆಯದನ್ನು ಹೋದ ತಿಂಗಳು ನಾನೇ ಶಿಫಾರಸು ಮಾಡಿದ್ದೆ, ಅವಧಿ 2 ಗಂಟೆ 18 ನಿಮಿಷ, ಮೂಲ ತಮಿಳು, ಕನ್ನಡ ಡಬ್ಬಿಂಗ್ ಇದೆ, ಹದಿಮೂರು ವರ್ಷ ದಾಟಿದವರಿಗೆ, ಇಷ್ಟು ಖಚಿತ, ಉಳಿದದ್ದು ಗೊತ್ತಿಲ್ಲ, ನೋಡಿಲ್ಲ. ಅವನ ಭುಜ ತಟ್ಟಿ ಹೇಳಬಹುದು, ತಮ್ಮಾ, ಆ ಮೂರನೇದ ನೋಡು, ಮನೆಮಂದಿ ಎಲ್ಲಾ ಕೂತು ನೋಡೂ ಹಂಗದ ಅಂತ ಪೇಪರಿನಾಗ ಸುನಂದಾ ಬರದಾಳ. ಸುನಂದಾ ನಾನೇ. ಪ್ರತಿ ಶುಕ್ರವಾರ ಆರನೇ ಪುಟ, ಬಲಗಡೆ ಎರಡು ಕಾಲಂ, ವಾರಾಂತ್ಯಕ್ಕೆ ಐದು, ಒಟಿಟಿಯಲ್ಲಿ ಬಂದಿರುವ ಐದು ಸಿನಿಮಾ, ಸರಣಿ, ಮನೆಯಲ್ಲೇ ಕೂತು ನೋಡಿ ಎಂದು ಹೇಳುವುದು ನನ್ನ ಕೆಲಸ; ಕಳೆದ ಶುಕ್ರವಾರದ್ದು ನೂರ ಎಪ್ಪತ್ತಮೂರನೆಯದು, ಅದರಲ್ಲಿ ಮೊದಲನೆಯದೇ ತಪ್ಪು. ಆ ಚಿತ್ರದ ನಾಯಕಿ ರೈಲು ಹತ್ತುವುದಿಲ್ಲ. ಗಂಡನ ಊರಿಗೆ ಹೋಗುವ ರೈಲು ಹತ್ತುತ್ತಾಳೆ ಎಂದು ಬರೆದೆ, ಆ ಕೊನೆಯ ದೃಶ್ಯ ಕಣ್ಣು ತೇವಗೊಳಿಸುತ್ತದೆ ಎಂದೂ ಬರೆದೆ. ಎಡಗಾಲನ್ನು ಬೋಗಿಯ ಮೆಟ್ಟಿಲ ಮೇಲೆ ಇಡುತ್ತಾಳೆ, ಕಂದು ಚಪ್ಪಲಿ, ಬಿರಿದ ಹಿಮ್ಮಡಿ, ಹನ್ನೊಂದು ಸೆಕೆಂಡು ಕಾಲು ಅಲ್ಲೇ ಇರುತ್ತದೆ, ಆಮೇಲೆ ಕೆಳಗಿಳಿಸುತ್ತಾಳೆ. ಇವತ್ತು ಬೆಳಿಗ್ಗೆ ಆರಕ್ಕೆ ಎದ್ದು ನೋಡಿದೆ, ಪೂರ್ತಿ, ಕೊನೆಯದನ್ನು ನಾಲ್ಕು ಸಲ, ಸೆಕೆಂಡು ಎಣಿಸಿದೆ, ಎಣಿಸುವುದೊಂದೇ ನನಗೆ ಸರಿಯಾಗಿ ಬರುವ ಕೆಲಸ.

ಗೊತ್ತಾದದ್ದು ನಿನ್ನೆ ಸಂಜೆ, ಡೆಸ್ಕಿನ ಫೋನಿಗೆ, ಸ್ಟೇಶನ್ ಬಜಾರದಿಂದ ಮಾಣಿಕಪ್ಪ, ನಿವೃತ್ತ ರೈಲ್ವೆ ಗಾರ್ಡ್, ವಾರಕ್ಕೊಮ್ಮೆಯಾದರೂ ಪತ್ರಿಕೆಯ ತಪ್ಪು ಹೇಳದಿದ್ದರೆ ಅವರಿಗೆ ಉಂಡದ್ದು ಅರಗುವುದಿಲ್ಲ, ಮೇಡಮ್ಮಾರ, ಆಕಿ ಗಾಡಿ ಹತ್ತೂದಿಲ್ರಿ, ಕಾಲ ಇಟ್ಟು ತಗೀತಾಳ, ನೀವು ಹತ್ತ್ಯಾಳ ಅಂತ ಬರದೀರಿ, ಇನ್ನೊಂದು, ಗಾಡಿ ಬಿಡೂಮುಂದ ಗಾರ್ಡ್ ಹಸಿರು ನಿಶಾನಿ ತೋರಸ್ತಾನ, ಅದರಾಗ ಕೆಂಪು ತೋರಿಸ್ಯಾರ, ಅದು ನಿಮ್ಮ ತಪ್ಪಲ್ಲ, ಪಿಕ್ಚರದವರ ತಪ್ಪು, ಆದ್ರೂ ಹೇಳಿಡ್ತೀನಿ. ನೋಡಿ ಹೇಳ್ತೇನ್ರಿ ಅಂದೆ. ಹಂಗಾರ ನೋಡಿ ಬರದಿಲ್ಲೇನ್ರಿ, ಅಂದರು ಮಾಣಿಕಪ್ಪ, ಕೊಂಕಿಲ್ಲದೆ ಕೇಳಿದ ಪ್ರಶ್ನೆ. ಇಪ್ಪತ್ತೆರಡು ವರ್ಷದಿಂದ ಹೊಸದಾಗಿ ಬಂದ ಹುಡುಗ ಹುಡುಗಿಯರಿಗೆ ನಾನೇ ಹೇಳಿಕೊಡುತ್ತಿರುವುದು, ಕಂಡದ್ದನ್ನು ಬರೆ, ಕೇಳಿದ್ದನ್ನು ಕೇಳಿದ್ದು ಅಂತಲೇ ಬರೆ, ಊಹೆ ಬೇಡ. ಮೊದಮೊದಲು ಐದನ್ನೂ ಪೂರ್ತಿ ನೋಡುತ್ತಿದ್ದೆ, ಐವತ್ತೆಂಟನೇ ವಾರದವರೆಗೆ, ಆಮೇಲೆ ಡೆಸ್ಕಿನಲ್ಲಿ ಇಬ್ಬರು ಕಡಿಮೆಯಾದರು, ಎರಡು ಪುಟ ಹೆಚ್ಚಾಯಿತು, ಕಣ್ಣು ಉರಿಯತೊಡಗಿತು, ಮೊದಲ ಇಪ್ಪತ್ತು ನಿಮಿಷವನ್ನು ಒಂದೂವರೆ ಪಟ್ಟು ವೇಗದಲ್ಲಿ ಓಡಿಸುವುದು, ಒಟಿಟಿ ಕಂಪನಿ ಕಳಿಸಿದ ಟಿಪ್ಪಣಿ ಓದುವುದು, ಟ್ರೇಲರ್ ನೋಡುವುದು, ಅವಧಿ, ಭಾಷೆ, ವಯಸ್ಸು ಮೂರನ್ನೂ ಎರಡೆರಡು ಸಲ ತಾಳೆ ನೋಡುವುದು, ಅದರಲ್ಲಿ ಒಂದು ನಿಮಿಷದ ತಪ್ಪೂ ಬಂದಿಲ್ಲ ಎಂಬ ಹೆಮ್ಮೆ ಬೇರೆ. ಟ್ರೇಲರ್ ಮುಗಿಯುವುದೇ ಮೆಟ್ಟಿಲ ಮೇಲಿಟ್ಟ ಆ ಕಾಲಿನಲ್ಲಿ. ಕಾಲು ಇಟ್ಟವಳು ಹತ್ತಿಯೇ ಹತ್ತುತ್ತಾಳೆ ಎಂದುಕೊಂಡೆ. ಪುಟ ಕಟ್ಟುವ ಗುಫ್ರಾನ್ ಪಕ್ಕದಿಂದ ಕೇಳಿಸಿಕೊಂಡು, ಪಿಕ್ಚರಿಗೆ ಯಾರು ತಿದ್ದುಪಡಿ ಹಾಕ್ತಾರ್ರಿ ಮೇಡಂ, ಹಾಕೂದಾದ್ರ ನಂದೂ ಒಂದು ಹಾಕ್ರಿ, ಮನೆಮಂದಿ ಎಲ್ಲಾ ನೋಡಬಹುದು ಅಂತ ನೀವು ಬರದಿದ್ದು ನಂಬಿ ಅಬ್ಬಾನ ಮುಂದ ಹಚ್ಚಿಬಿಟ್ಟೆ, ಅರ್ಧ ತಾಸಿಗೆ ಎದ್ದು ನಮಾಜಿಗೆ ಹೋದ್ರು, ಅದು ನಮಾಜಿನ ಟೈಮೇ ಅಲ್ಲ. ನಕ್ಕೆ. ನಕ್ಕು, ಶುಕ್ರವಾರದ ಸಂಚಿಕೆಯ ಆರನೇ ಪುಟದಲ್ಲಿ ಎಂದು ಶುರುಮಾಡಿದೆ, ನಾಲ್ಕು ಸಾಲು, ನಾಯಕಿ ರೈಲು ಹತ್ತುತ್ತಾಳೆ ಎಂದು ಪ್ರಕಟವಾಗಿದೆ, ಆಕೆ ಹತ್ತುವುದಿಲ್ಲ, ತಪ್ಪಿಗೆ ವಿಷಾದಿಸುತ್ತೇವೆ. ಇವತ್ತಿನ ಎರಡನೇ ಪುಟ ಆಗಲೇ ಅಚ್ಚಿಗೆ ಹೋಗಿತ್ತು, ನಾಳೆ ಬುಧವಾರ ಅದರ ಮೂಲೆಯಲ್ಲಿ ಬರುತ್ತದೆ. ಓದುಗರಿಗೆ ನಾಳೆಯಾದರೂ ನಡೆಯುತ್ತದೆ, ಒಬ್ಬರಿಗೆ ನಡೆಯುವುದಿಲ್ಲ, ಅವರಿಗೆ ಇವತ್ತು ಸಂಜೆ ಐದರೊಳಗೆ ತಿಳಿಯಬೇಕು.

ಅವರು ನನ್ನ ಗಂಡ. ಪತ್ರಿಕೆಯಲ್ಲಾದರೆ ಮಹಾದೇವ, 53, ಕಮಲಾಪುರದ ರೈತ ಸಂಪರ್ಕ ಕೇಂದ್ರದಲ್ಲಿ ಕೃಷಿ ಅಧಿಕಾರಿ ಎಂದು ಬರೆಯುತ್ತೇನೆ, ಮನಸ್ಸಿನಲ್ಲಿ ಬರೇ ಇವರು. ಅಲ್ಲಿಗೆ ವರ್ಗವಾದ ಮೇಲೆ ಎಂಟು ತಿಂಗಳು ದಿನಾ ಹೋಗಿ ಬಂದರು, ಆಮೇಲೆ ಅಲ್ಲೇ ಒಂದು ಕೋಣೆ ಹಿಡಿದರು, ನಾನು ಡೆಸ್ಕಿನಿಂದ ಬರುವುದು ರಾತ್ರಿ ಒಂದಕ್ಕೆ, ಅವರು ಏಳುವುದು ಐದಕ್ಕೆ, ನಿನ್ನ ನಿದ್ದಿ ಕೆಡ್ತದ ಅಂದರು ಅವರು, ನಿಮ್ಮದೂ ಕೆಡ್ತದಲ್ರಿ ಅಂದೆ ನಾನು, ಮಗಳು ರಾಜೇಶ್ರೀ ಮದುವೆಯಾಗಿ ಬೀದರಿಗೆ ಹೋಗಿ ಎರಡು ತಿಂಗಳಾಗಿತ್ತು, ಜಗಳವಿಲ್ಲ, ಮಾತಿಲ್ಲ, ಒಂದು ಟ್ರಂಕು, ಒಂದು ಗ್ಯಾಸ್ ಒಲೆ, ಮುಗಿಯಿತು. ಕಲಬುರಗಿಯಿಂದ ಮೂವತ್ತೆಂಟು ಕಿಲೋಮೀಟರ್. ಬರುವ ಆಗಸ್ಟಿಗೆ ನಾಲ್ಕು ವರ್ಷ. ಐವಾನ್-ಎ-ಶಾಹಿ ಬಡಾವಣೆಯ ಮನೆಗೆ ತಿಂಗಳಿಗೊಮ್ಮೆ ಬರುತ್ತಾರೆ, ಅತಿಥಿಗಳ ಹಾಗೆ ಟವೆಲ್ಲು ಎಲ್ಲಿ ಅದ ಎಂದು ಕೇಳುತ್ತಾರೆ. ಮೊದಲು ಭಾನುವಾರ ಫೋನು, ಊಟ ಆತೇನ್ರಿ, ಆತು, ನೀರು ಬಂತೇನ, ಬಂತ್ರಿ, ನಲವತ್ತು ಸೆಕೆಂಡು. ಆಮೇಲೆ ಈ ಕಾಲಂ ಶುರುವಾಯಿತು. ಮೊದಲ ವಾರವೇ ಸುಮ್ಮನೆ, ಈ ವಾರ ಮೊದಲನೇದು ಭಾಳ ಚಲೋ ಅದ, ನೋಡ್ರಿ ಅಂದೆ, ನೋಡಿದರು, ಭಾನುವಾರ ಅರ್ಧ ತಾಸು ಮಾತಾಡಿದರು, ಆ ಮುದುಕ ಸುಳ್ಳ ಹೇಳ್ತಾನ ಅಂತ ನನಗ ಮೊದಲ ಗೊತ್ತಿತ್ತು ಸುನಂದಾ ಎಂದು ನಕ್ಕರು, ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ ಮನುಷ್ಯ ಹೀಗೆ ನಗುತ್ತಾರೆಂದು ಫೋನಿನಲ್ಲಿ ತಿಳಿಯಿತು. ಅಲ್ಲಿಂದ ಪ್ರತಿ ಶುಕ್ರವಾರ ಒಂದು, ಪ್ರತಿ ಭಾನುವಾರ ಅರ್ಧ ತಾಸು. ನಾನು ನೋಡುವುದು ನಿಲ್ಲಿಸಿದ ಮೇಲೂ ಅರ್ಧ ತಾಸು ಕಡಿಮೆಯಾಗಲಿಲ್ಲ, ಅವರು ಹೇಳುತ್ತಾರೆ, ನಾನು ಹೌದ್ರಿ ಅನ್ನುತ್ತೇನೆ, ಆ ನೀಲಿ ಟಿಫಿನ್ ಡಬ್ಬಿ ಆಕಿ ಯಾಕ ಒಗದಳು ಹೇಳು, ಯಾಕ ಅಂದ್ರ ನಿಮಗ ಗೊತ್ತಲ್ರಿ, ಹೀಗೆ. ಹೋದ ಗುರುವಾರ ಫೋನು ಮಾಡಿದರು, ಭಾನುವಾರವಲ್ಲ, ಗುರುವಾರ, ಕಲಬುರಗಿ ಆಫೀಸಿಗೆ ವರ್ಗದ ಆರ್ಡರ್ ಬಂದದ, ಹೋಗೂದಾದ್ರ ಒಪ್ಪಿಗೆ ಕೊಡಬೇಕು, ಇಲ್ಲೇ ಇರೂದಾದ್ರ ಮುಂದುವರಸ್ರಿ ಅಂತ ಕೋರಿಕಿ ಕೊಡಬೇಕು, ಮಂಗಳವಾರ ಸಂಜೀ ಐದರ ಒಳಗ, ಏನ್ ಮಾಡ್ಲಿ, ಬರ್ಲೇನು? ಬರ್ಲೇನು ಎಂದು ನನ್ನನ್ನು ಕೇಳಿದರು, ಅವರದೇ ಮನೆಗೆ. ನಾನು ಅದೇ ಕಾಲಮ್ಮಿನ ಕೊನೆಯ ಸಾಲಿನಲ್ಲಿದ್ದೆ, ಹೆಂಡತಿ ಒಂದೂರು, ಗಂಡ ಒಂದೂರು, ಆಕೆ ರೈಲು ಹತ್ತುವ ಕಥೆ, ನಾಳೆ ಮೊದಲನೇದು ಹಾಕೀನಿ, ಅದನ್ನ ನೋಡ್ರಿ, ಆಮ್ಯಾಲ ಮಾತಾಡೋಣು ಅಂದೆ. ಉತ್ತರ ಕೇಳಿದವರಿಗೆ ಪಿಕ್ಚರ್ ಕೊಟ್ಟೆ. ಭಾನುವಾರ ಅವರು, ನೋಡಿದೆ ಸುನಂದಾ, ಕಡೀಕ ಆಕಿ ರೈಲ ಹತ್ತ್ಯಾಳಲ್ಲ, ಕಣ್ಣಾಗ ನೀರ ಬಂತು. ನಾನು, ಹೌದ್ರಿ, ನನಗೂ. ಅವರು, ಹಂಗಾರ ತಿಳೀತು ಬಿಡು, ಅಂದರು. ಏನು ತಿಳಿಯಿತು ಎಂದು ನಾನು ಕೇಳಲಿಲ್ಲ.

ಆಕೆ ಹತ್ತುವುದಿಲ್ಲ. ಹತ್ತುತ್ತಾಳೆ ಎಂದಿರುವುದು ಜಗತ್ತಿನಲ್ಲಿ ಎರಡೇ ಕಡೆ, ಆರನೇ ಪುಟದಲ್ಲಿ, ಇವರ ಬಾಯಲ್ಲಿ. ಅಂದರೆ ಇವರು ನೋಡಿಲ್ಲ, ನನ್ನ ಕಾಲಂ ಓದಿ ನನಗೇ ಒಪ್ಪಿಸಿದ್ದಾರೆ, ನಾನು ನೋಡದೆ ಬರೆದದ್ದನ್ನು ಅವರು ನೋಡದೆ ಮೆಚ್ಚಿ, ಇಬ್ಬರೂ ಸೇರಿ ಯಾರೂ ನೋಡದ ಚಿತ್ರಕ್ಕೆ ಕಣ್ಣೀರು ಹಾಕಿದೆವು. ಸಿಟ್ಟು ಬರಬೇಕು, ಬರುತ್ತಿಲ್ಲ, ದಣಿವಾಗುತ್ತಿದೆ, ಜೊತೆಗೆ ಸ್ವಲ್ಪ ನಿರಾಳವೂ, ಸುಳ್ಳು ಹೇಳಿದವಳು ನಾನೊಬ್ಬಳೇ ಅಲ್ಲವಲ್ಲ. ಆದರೆ ನೀಲಿ ಟಿಫಿನ್ ಡಬ್ಬಿ ನನ್ನ ಕಾಲಮ್ಮಿನಲ್ಲಿ ಇರಲಿಲ್ಲ. ಕಂಪನಿಯ ಟಿಪ್ಪಣಿಯಲ್ಲೂ ಇರಲಿಲ್ಲ. ಅದನ್ನು ಎಲ್ಲಿ ಕಂಡರು — ಎಲ್ಲಿಗವ್ವಾ, ಎನ್ನುತ್ತಿದ್ದಾಳೆ ಪಕ್ಕದ ಮುದುಕಿ, ಮೊಣಕೈಯಿಂದ ತಿವಿದು, ಆಗಲೇ ಹೆಸರು ಹೇಳಿದ್ದಳು, ಮಲ್ಕಮ್ಮ, ತೊಡೆಯ ಮೇಲೆ ಔಷಧಿಯ ಚೀಲ. ಕಮಲಾಪುರಕ್ಕ. ಅಲ್ಲಿ ಯಾರದಾರ? ನಮ್ಮ ಮನೆಯವರು. ಮತ್ತ ನೀ ಎಲ್ಲಿರ್ತಿ? ಕಲಬುರಗ್ಯಾಗ. ಅಂವ ಅಲ್ಲಿ, ನೀ ಇಲ್ಲಿ, ಯಾಕ, ನಡುವ ಸಮುದ್ರ ಅದ ಏನು, ನಮ್ಮ ಹಾಲಿನಂವ ದಿನಾ ಎರಡ್ ಸಲ ಹೋಗಿ ಬರ್ತಾನ. ಡ್ಯೂಟಿ ಬ್ಯಾರೆ ಬ್ಯಾರೆ ಅದ ಆಯಿ. ಹೂಂ, ಡ್ಯೂಟಿ, ಅಂದಳು, ಮುಂದಿನವನ ಮೊಬೈಲಿಗೆ ಬಗ್ಗಿದಳು, ಏ ತಮ್ಮಾ, ಒಂದರೆ ಹಚ್ಚು, ನಾವೂ ನೋಡ್ತೀವಿ. ಯಾವುದು ಹಚ್ಚಲಿ ಆಯಿ, ತಿಳೀವಲ್ದು. ಕಡೀಕ ಸಾಯಲಾರದ್ದು ಹಚ್ಚು. ನನ್ನ ಕಡೆ ತಿರುಗಿ, ನಾ ಮೊದಲ ಮೊಮ್ಮಗಳಿಗೆ ಕೇಳ್ತೀನಿ ನೋಡು, ಕಡೀಕ ಏನಾಗ್ತದ, ಕೂಡ್ತಾರೋ ಅಗಲ್ತಾರೋ, ತಿಳಕೊಂಡ ಮ್ಯಾಗ ನೋಡ್ತೀನಿ, ಇಲ್ಲಾಂದ್ರ ಎದಿ ಹಾರ್ಕೋತ ಯಾರ್ ಕೂಡಬೇಕು ಎರಡು ತಾಸು. ಅಷ್ಟೇ ಅಲ್ಲವೇ ನಾನು ಮಾಡಿದ್ದೂ, ಕೊನೆಯನ್ನು ಮೊದಲೇ ಬರೆದುಕೊಂಡೆ, ಎರಡು ತಾಸು ಕೂರುವ ತ್ರಾಣವಿಲ್ಲದೆ. ಮಹಾಗಾಂವ ಕ್ರಾಸ್. ಹೊಲಗಳಲ್ಲಿ ಕಪ್ಪು ಮಣ್ಣು ಹಸಿಯಾಗಿದೆ, ಮೊನ್ನೆ ಮಳೆಯಾಯಿತು, ಜಿಲ್ಲಾ ಸರಾಸರಿ ಎಷ್ಟು, ನೆನಪಿಲ್ಲ, ನೆನಪಿಲ್ಲ ಎನ್ನುವುದು ಹೊಸದು. ತೊಗರಿ ಬಿತ್ತನೆಗೆ ಬೀಜ ಕೊಡುವ ದಿನಗಳು, ಇವರ ಕೇಂದ್ರದ ಮುಂದೆ ಸಾಲು ಇರುತ್ತದೆ.

ಬರ್ರಿ ಎನ್ನಲು ನನಗೇನು. ಎರಡು ಅಕ್ಷರ, ಫೋನಿನಲ್ಲೇ ಮುಗಿಯುತ್ತಿತ್ತು. ಬಂದರೆ ಒಳ್ಳೆಯದೇ, ಅವರ ಬಿಪಿ ಮಾತ್ರೆ ನನ್ನ ಕಣ್ಣ ಮುಂದೆ ಇರುತ್ತದೆ, ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಳ್ಳುವವರೊಬ್ಬರು ಇರುತ್ತಾರೆ, ರಾಜೇಶ್ರೀ ಬೀದರಿನಿಂದ ಬಂದಾಗ ಮಮ್ಮಿ ಒಂದು ಕಡೆ ಪಪ್ಪಾ ಒಂದು ಕಡೆ ಎಂದು ಮುಖ ಸಣ್ಣದು ಮಾಡುವುದು ತಪ್ಪುತ್ತದೆ. ಆದರೆ ಮನೆಗೆ ಬಂದ ಮೇಲೆ ಭಾನುವಾರ ಯಾರು ಯಾರಿಗೆ ಫೋನು ಮಾಡುತ್ತಾರೆ. ಎದುರುಬದುರು ಕೂತು ನಾವು ಎಂದೂ ಅರ್ಧ ತಾಸು ಮಾತಾಡಿದವರಲ್ಲ, ಗ್ಯಾಸ್ ಬುಕ್ ಮಾಡಿದ್ಯಾ, ಮಾಡೀನ್ರಿ, ಒಬ್ಬರು ಟಿವಿ ಹಚ್ಚಿದರೆ ಇನ್ನೊಬ್ಬರು ಒಳಕೋಣೆ, ಇಪ್ಪತ್ತೆರಡು ವರ್ಷ ಹಾಗೇ ಕಳೆಯಿತು, ಅದನ್ನು ಸಂಸಾರ ಎಂದೇ ತಿಳಿದಿದ್ದೆವು. ಫೋನಿನ ಆ ಮನುಷ್ಯ ಮನೆಯಲ್ಲಿ ಇರಲಿಲ್ಲ, ಟ್ರಂಕು ತೆಗೆದುಕೊಂಡು ಹೋದ ಮೇಲೆ ಬಂದರು, ಈಗ ಟ್ರಂಕು ಬಂದರೆ ಅವರು ಹೋಗುತ್ತಾರೆ — ಹೀಗೆಂದು ಯಾರಿಗೆ ಹೇಳಲಿ, ಮಲ್ಕಮ್ಮನಿಗೆ ಹೇಳಿದರೆ ಬಸ್ಸಿನಿಂದ ನೂಕಿಯಾಳು. ಆ ಚಿತ್ರದವಳು ಕಾಲು ಯಾಕೆ ತೆಗೆದಳು, ಪೂರ್ತಿ ನೋಡಿದರೂ ಗೊತ್ತಾಗಲಿಲ್ಲ, ಅವಳಿಗೂ ಗೊತ್ತಿಲ್ಲ, ಮುಖ ತೋರಿಸುವುದೇ ಇಲ್ಲ, ಬರೇ ಕಾಲು, ಮೆಟ್ಟಿಲ ಮೇಲೆ, ಕಬ್ಬಿಣದ ಮೆಟ್ಟಿಲು ಸ್ವಲ್ಪ ನಡುಗುತ್ತಿರುತ್ತದೆ. ಹೋಗಿ ಹೇಳಬೇಕಾದದ್ದು ಇಷ್ಟೇ, ತಪ್ಪು ಬರೆದಿದ್ದೆ ರೀ, ಆಕಿ ಹತ್ತೂದಿಲ್ಲ, ಅದನ್ನ ನೋಡಿ ನಿಮ್ಮ ಕಾಗದಾ ಬರೀಬ್ಯಾಡ್ರಿ. ಮತ್ತ ಯಾವುದನ್ನ ನೋಡಿ ಬರೀಲಿ, ಎಂದರೆ? ಎಂದರೆ ಎಂಬಲ್ಲಿಗೆ ಬಸ್ಸು ನಿಂತಿತು, ಕಮಲಾಪುರ, ಕಮಲಾಪುರದವರು ಇಳೀರಿ, ಮಲ್ಕಮ್ಮ ಇಳಿಯುವ ಮೊದಲು ನನ್ನ ಕೈಗೆ ಒಂದು ಕೆಂಪು ಬಾಳೆಹಣ್ಣು ಇಟ್ಟು, ನಿನ್ನ ಗಂಡಗ ಕೊಡು, ಅರ್ಧ ನೀ ತಿನ್ನು, ಅಂದಳು. 11.49. ಒಂದು ತಾಸು ಒಂಬತ್ತು ನಿಮಿಷ.

ಸಾಲು ರಸ್ತೆಯವರೆಗೆ ಇತ್ತು, ಚೀಲಗಳು, ಪಹಣಿ ಕಾಗದ ಹಿಡಿದ ಕೈಗಳು, ಇವರು ಬಾಗಿಲಲ್ಲಿ ನಿಂತು ಒಬ್ಬೊಬ್ಬರದೇ ನೋಡುತ್ತಿದ್ದರು, ಕಾಶಿರಾಯ, ನಿನ್ನ ತಮ್ಮನ ಹೆಸರಿನ ಪಹಣಿಗೆ ನಿನಗ ಹ್ಯಾಂಗ ಬೀಜ ಕೊಡಲಿ, ಸಾಹೇಬ್ರ, ಅಂವಾ ನಾನಾ ಒಂದೇ ರೀ, ಊಟದಾಗ ಒಂದೇ ಇರ್ಬೇಕು, ಪಹಣ್ಯಾಗ ಬ್ಯಾರೆ ಇದೀರಿ, ಸಾಲೆಲ್ಲ ನಕ್ಕಿತು, ಭಾನುವಾರದ ದನಿ, ಭಾನುವಾರದ್ದೇ, ಇಲ್ಲಿ ಮಂಗಳವಾರವೂ ಇದೆ ಅದು. ನನ್ನನ್ನು ಕಂಡು ನಗು ನಿಂತಿತು. ಒಳಗೆ ಟೇಬಲ್ಲಿನ ಹತ್ತಿರ ಕುರ್ಚಿ ಎಳೆದು, ಕೂಡು, ಚಾ ಹೇಳ್ತೀನಿ. ನಾನು ಕೂರುವ ಮೊದಲೇ ಅಂದೆ, ತಪ್ಪು ಬರದಿದ್ದೆ ರೀ, ಆಕಿ ಹತ್ತೂದಿಲ್ಲ. ಗೊತ್ತದ, ಅಂದರು. ಶುಕ್ರವಾರನ ನೋಡೀನಿ, ಎರಡು ಸಲ ನೋಡೀನಿ. ಮತ್ತ ಹತ್ತ್ಯಾಳ ಅಂದ್ರಲ್ಲ? ನೀ ಬರದಿದ್ದಿ, ಅದಕ್ಕ ಅಂದೆ, ನೀ, ಇಲ್ರಿ, ಆಕಿ ಹತ್ತೂದಿಲ್ಲ ಅಂತ ನನ್ನ ತಿದ್ದತಿ ಏನು ಅಂತ ನೋಡಿದೆ, ನೀ ಹೌದ್ರಿ, ನನಗೂ ಅಂದಿ. ಚಹಾ ಬಂತು. ನೀಲಿ ಡಬ್ಬಿ ನೆನಪಾಯಿತು, ಸುಳ್ಳು ಹೇಳುವ ಮುದುಕ ನೆನಪಾದ, ನೂರ ಎಪ್ಪತ್ತಮೂರು ವಾರ, ಒಂದೂ ಬಿಡದೆ ನೋಡಿದ್ದಾರೆ ಇವರು, ಒಬ್ಬರೇ, ಆ ಕೋಣೆಯಲ್ಲಿ ಕೂತು. ನೀ ನೋಡೂದು ಬಿಟ್ಟು ಎರಡು ವರ್ಷದ ಮ್ಯಾಲ ಆತು ಸುನಂದಾ, ನನಗ ಗೊತ್ತಾಗೂದಿಲ್ಲೇನು. ಗೊತ್ತಿದ್ರ ಯಾಕ ಹೇಳಲಿಲ್ರಿ? ಹೇಳಿದ್ರ ನೀ ಫೋನ್ ಬಿಡ್ತಿದ್ದಿ, ಅಂದರು, ದೂರಿನ ದನಿಯಲ್ಲ, ಇಂದು ಇಷ್ಟು ಬೀಜ ಬಂದದ ಎಂದು ಹೇಳುವ ಹಾಗೆ. ಡ್ರಾವರಿನಿಂದ ಎರಡು ಹಾಳೆ ತೆಗೆದು ನನ್ನ ಮುಂದೆ ಇಟ್ಟರು, ಎರಡೂ ಅವರದೇ ಕೈಬರಹ, ಒಂದರಲ್ಲಿ ಕಲಬುರಗಿಗೆ ಬರಲು ಒಪ್ಪಿಗೆ ಇರುತ್ತದೆ, ಇನ್ನೊಂದರಲ್ಲಿ ಕೌಟುಂಬಿಕ ಕಾರಣಗಳಿಂದ ಇಲ್ಲಿಯೇ ಮುಂದುವರಿಸಬೇಕೆಂದು ಕೋರಿಕೆ, ಎರಡಕ್ಕೂ ಸಹಿ ಇನ್ನೂ ಇಲ್ಲ, ಕೈ ತಾನಾಗಿ ಪೆನ್ನು ಹಿಡಿಯಿತು, ಅಕ್ಷರ ಅಕ್ಷರ ಓದಿದೆ, ದಿನಾಂಕ ಸರಿ, ಆದೇಶ ಸಂಖ್ಯೆ ಎರಡರಲ್ಲೂ ಒಂದೇ, ಕೌಟುಂಬಿಕ ಕಾರಣ ಎಂಬಲ್ಲಿ ನಿಂತೆ, ಅದೂ ತಪ್ಪಲ್ಲ. ಮರಿಯಮ್ ಟಪಾಲು ತಗೊಂಡು ಕಲಬುರಗಿಗೆ ಹೋಗಾಕತ್ತಾಳ, ಒಂದೂವರೆ ಬಸ್ಸಿಗೆ, ಅಂದರು, ಬಾಗಿಲಲ್ಲಿ ಆಕೆ, ಕೇಂದ್ರದ ಸಹಾಯಕಿ, ಚೀಲ ಹೆಗಲಿಗೇರಿಸಿ ನಿಂತಿದ್ದಳು. ಪಿಕ್ಚರ್ ಬ್ಯಾಡ ಈಗ. ನೀ ಹೇಳು. ಬರ್ಲೇನು? ಬರ್ರಿ ಎಂದು ನಾಲಿಗೆಯ ತುದಿಯಲ್ಲಿತ್ತು, ಬರ್ರಿ, ಹಾಗೆಂದು ಹೇಳಹೊರಟರೆ ಮನೆಯ ಹಜಾರ ಕಂಡಿತು, ಟಿವಿ, ಎರಡು ಕುರ್ಚಿ, ಟವೆಲ್ಲು ಎಲ್ಲಿ ಅದ ಎನ್ನುವ ದನಿ, ಬ್ಯಾಡ ಎಂದೂ ಇತ್ತು, ಬ್ಯಾಡ ಎಂದರೆ ಇನ್ನು ಮೇಲೆ ಭಾನುವಾರ ಏನು ಹೇಳಲಿ, ನೋಡಿಲ್ಲವೆಂದು ಅವರಿಗೆ ಗೊತ್ತು, ಗೊತ್ತೆಂದು ನನಗೆ ಗೊತ್ತು, ಹೊರಗೆ ಕಾಶಿರಾಯ ಸಾಹೇಬ್ರ ಎಂದು ಕೂಗಿದ, ಇವರು ಆ ಕಡೆ ನೋಡಲಿಲ್ಲ, ನನ್ನ ಬಾಯಿಯನ್ನೇ ನೋಡುತ್ತಿದ್ದರು, ಒಂದು, ಎರಡು, ಮೂರು, ಎಣಿಸುತ್ತಿದ್ದೇನೆ, ಯಾಕೆ ಎಣಿಸುತ್ತಿದ್ದೇನೆ, ಏಳು, ಎಂಟು, ಚಹಾದ ಮೇಲೆ ಕೆನೆ ಕಟ್ಟಿತು, ಕಂದು ಚಪ್ಪಲಿ, ಬಿರಿದ ಹಿಮ್ಮಡಿ, ಹತ್ತು, ಇವರು ನಿಧಾನವಾಗಿ ನನ್ನ ಕೈಯಿಂದ ಪೆನ್ನು ತೆಗೆದುಕೊಂಡರು, ಬೆರಳು ನೋಯದ ಹಾಗೆ, ಎರಡನೆಯ ಹಾಳೆಯನ್ನು, ಇಲ್ಲಿಯೇ ಮುಂದುವರಿಸಿ ಎನ್ನುವುದನ್ನು, ತಮ್ಮ ಕಡೆಗೆ ಎಳೆದುಕೊಂಡು ಸಹಿ ಮಾಡುತ್ತಿದ್ದಾರೆ, ಮಹಾ, ದೇವ, ನಾನು ಈಗ ಹೇಳಬಹುದು, ಇನ್ನೂ ಹೇಳಬಹುದು, ಮರಿಯಮ್ ಕೈ ಚಾಚಿದ್ದಾಳೆ, ಕಾಲು ಮೆಟ್ಟಿಲ ಮೇಲಿದೆ, ಮೆಟ್ಟಿಲು ನಡುಗುತ್ತಿದೆ, ಕಾಲು ಮೆಟ್ಟಿಲ ಮೇಲಿದೆ, ಕಾಲು —